ಮೊಣಕಾಲಿನ ಕೆಳಗೆ ಏಳುವ ಗಂಟುಗಳು



ನಮ್ಮ ಮನೆಗಳಲ್ಲಿ ಹಬ್ಬಹುಣ್ಣಿಮೆ ಬಂದರೆ, ದೂರದ ಊರಿಗೆ ಹೊರಟರೆ, ಪರೀಕ್ಷೆಗೆ ಹೋಗುವುದಾದರೆ, ಹಿರಿಯರ ಕಾಲಿಗೆ ನಮಸ್ಕಾರ ಮಾಡುವ ಪದ್ಧತಿ ಉಂಟು. ವರ್ಷಕ್ಕೆ ಎಷ್ಟೋ ಸಾರಿ ತಾಯಿಯ ಪಾದವನ್ನು, ಅಜ್ಜಿಯ ಪಾದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಆದರೆ ಹಾಗೆ ಮುಟ್ಟಿದ ಕಾಲನ್ನು ಎಂದಾದರೂ ನೋಡಿದ್ದೇವೆಯೇ ಎಂದು ಕೇಳಿಕೊಂಡರೆ, ಬಹುಮಂದಿಯ ಉತ್ತರ ಇಲ್ಲವೆಂದೇ ಆದೀತು. ಪಾದದಿಂದ ಒಂದು ಗೇಣು ಮೇಲೆ, ಸೀರೆಯ ಅಂಚಿನ ಮರೆಯಲ್ಲಿ, ಏನಿದೆಯೆಂಬುದು ನಮಗೆ ತಿಳಿಯದು; ತಿಳಿಸುವ ಅಭ್ಯಾಸ ಅವರಿಗೂ ಇಲ್ಲ.

ನನಗೆ ಸೋದರತ್ತೆಯೊಬ್ಬರಿದ್ದರು. ದೊಡ್ಡ ಸಂಸಾರದ ಅಡಿಗೆಮನೆಯನ್ನು ಮೂವತ್ತು ವರ್ಷ ನಿಂತು ನಡೆಸಿದವರು. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಮ್ಮೆ ರಜೆಗೆಂದು ಅವರ ಮನೆಗೆ ಹೋಗಿದ್ದೆ. ಅಂದು ಸಂಜೆ ಬಚ್ಚಲುಮನೆಯಿಂದ ಅವರು ಕೂಗಿದ ಸದ್ದು ಕೇಳಿ ಎಲ್ಲರೂ ಓಡಿದೆವು. ಬಿಸಿನೀರಿನಲ್ಲಿ ಕಾಲು ತೊಳೆಯುವಾಗ ಹರಡಿನ ಮೇಲುಗಡೆ ಕಲ್ಲು ತರಚಿತ್ತು. ಗಾಯ ಸಾಸುವೆಕಾಳಿನಷ್ಟು, ಅದರಿಂದ ಹರಿದ ರಕ್ತ ಬಚ್ಚಲನ್ನೆಲ್ಲ ಕೆಂಪಾಗಿಸಿತ್ತು. ನಾವು ಗಾಬರಿಯಿಂದ, ಆದರೂ ಓದಿದವರೆಂಬ ಧೈರ್ಯದಿಂದ, ಅವರನ್ನು ಕುರ್ಚಿಯ ಮೇಲೆ ಕೂಡಿಸಿ, ಮೊಣಕಾಲಿನ ಕೆಳಗೆ ಟವಲೊಂದನ್ನು ಬಿಗಿದು ಕಟ್ಟಿದೆವು. ರಕ್ತ ನಿಲ್ಲಲಿಲ್ಲ, ಇನ್ನಷ್ಟು ಹೆಚ್ಚಿತು. ಆ ಸಂಜೆಯ ಉಳಿದ ಸಂಗತಿಯನ್ನು ಭಾಷಣದ ಕೊನೆಯಲ್ಲಿ ಅರಿಕೆಮಾಡುತ್ತೇನೆ. ಅಷ್ಟು ಹೊತ್ತಿಗೆ ನಾವು ಮಾಡಿದ ತಪ್ಪೇನೆಂಬುದು ತಮಗೇ ಹೊಳೆದಿರುತ್ತದೆ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸತಕ್ಕವನು. ಆದಕಾರಣ ಇಂಥ ಗಂಟಿಗೆ ಇಂಥ ಔಷಧವೆಂದು ಹೇಳುವ ಅಧಿಕಾರ ನನಗಿಲ್ಲ, ಆ ಉದ್ದೇಶವೂ ಇಲ್ಲ. ಮೊಣಕಾಲಿನ ಕೆಳಗೆ ಗಂಟೋ ಉಬ್ಬೋ ಕಂಡಾಗ ಅದನ್ನು ನೋಡುವ ಬಗೆ ಹೇಗೆ, ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಯಾವುವು, ಯಾವುದಕ್ಕೆ ಸುಮ್ಮನಿರಬಹುದು, ಯಾವುದಕ್ಕೆ ಒಂದು ದಿವಸವೂ ತಡೆಯಬಾರದು, ಇಷ್ಟನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಈ ಭಾಗಕ್ಕೇ ಇಷ್ಟು ತೊಂದರೆ ಏಕೆ? ಮನುಷ್ಯನು ನಾಲ್ಕು ಕಾಲನ್ನು ಬಿಟ್ಟು ಎರಡು ಕಾಲಿನ ಮೇಲೆ ನಿಂತದ್ದಕ್ಕೆ ಪ್ರಕೃತಿಗೆ ಕಟ್ಟುತ್ತಿರುವ ಕಂದಾಯ ಇದು. ಹೃದಯದಿಂದ ಹೊರಟ ರಕ್ತ ಧಮನಿಗಳ ಮೂಲಕ ಪಾದಕ್ಕೆ ಇಳಿಯುವುದು ಸುಲಭ. ಅದೇ ರಕ್ತ ಸಿರೆಗಳ ಮೂಲಕ ಸುಮಾರು ನಾಲ್ಕು ಅಡಿ ಮೇಲಕ್ಕೆ ಏರಿ ಹೃದಯವನ್ನು ಸೇರುವುದು ಕಷ್ಟ. ನಿಶ್ಚಲವಾಗಿ ನಿಂತವನ ಹರಡಿನ ಬಳಿ ಸಿರೆಯೊಳಗಿನ ಒತ್ತಡ, ಪಾದರಸದ ಅಳತೆಯಲ್ಲಿ, ೮೦ರಿಂದ ೯೦ ಮಿಲಿಮೀಟರಿನಷ್ಟು ಇರುತ್ತದೆ. ಅವನು ನಡೆಯತೊಡಗಿದರೆ ಅದು ೩೦ರ ಸುತ್ತಮುತ್ತಕ್ಕೆ ಇಳಿಯುತ್ತದೆ. ಕಾರಣವೇನೆಂದರೆ, ಹೆಜ್ಜೆ ಹೆಜ್ಜೆಗೂ ಮೀನಖಂಡದ ಸ್ನಾಯುಗಳು ಬಿಗಿದು ಒಳಗಿನ ಸಿರೆಗಳನ್ನು ಹಿಂಡುತ್ತವೆ. ಹಿಂಡಿದ ರಕ್ತ ಮೇಲಕ್ಕೆ ಹೋಗುತ್ತದೆ. ಮೀನಖಂಡವನ್ನು ದೇಹದ ಎರಡನೆಯ ಹೃದಯವೆಂದು ಕರೆಯುವುದು ಇದರಿಂದಲೇ.

ಹಿಂಡಿದ ರಕ್ತ ಮತ್ತೆ ಕೆಳಕ್ಕೆ ಜಾರಬಾರದಷ್ಟೆ? ಅದಕ್ಕಾಗಿ ಸಿರೆಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಇಟಲಿಯ ಪಾದುವಾ ನಗರದಲ್ಲಿ ಅಂಗರಚನಾಶಾಸ್ತ್ರದ ಆಚಾರ್ಯನಾಗಿದ್ದ ಫ್ಯಾಬ್ರಿಷಿಯಸ್ ಈ ಕವಾಟಗಳನ್ನು ವರ್ಣಿಸಿ ೧೬೦೩ರಲ್ಲಿ ಗ್ರಂಥ ಬರೆದನು. ಆದರೆ ಅವು ರಕ್ತ ಕೈಕಾಲುಗಳಿಗೆ ಅತಿಯಾಗಿ ನುಗ್ಗದಂತೆ ತಡೆಯುವ ಕಟ್ಟೆಗಳೆಂದು ಆತ ಭಾವಿಸಿದ್ದನು. ಅವು ಒಂದೇ ದಿಕ್ಕಿಗೆ ತೆರೆಯುವ ಬಾಗಿಲುಗಳೆಂದೂ, ಆ ದಿಕ್ಕು ಹೃದಯದ ಕಡೆಗೆಂದೂ ಕಂಡುಕೊಂಡವನು ಆತನ ಶಿಷ್ಯನಾದ ವಿಲಿಯಂ ಹಾರ್ವೆ. ೧೬೨೮ರಲ್ಲಿ ಪ್ರಕಟವಾದ ರಕ್ತಪರಿಚಲನೆಯ ಗ್ರಂಥದಲ್ಲಿ ಹಾರ್ವೆ ತೋರಿಸಿದ ಪ್ರಯೋಗವನ್ನು ತಾವೂ ಮಾಡಿ ನೋಡಬಹುದು. ತೋಳಿಗೆ ಹಗುರವಾಗಿ ಒಂದು ಪಟ್ಟಿ ಕಟ್ಟಿದರೆ ಮುಂಗೈಯ ಸಿರೆಗಳು ಉಬ್ಬುತ್ತವೆ. ಉಬ್ಬಿದ ಸಿರೆಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಮೊಣಕೈಯ ಕಡೆಗೆ ಸವರಿದರೆ, ನಡುವಣ ಭಾಗ ಬರಿದಾಗಿ ನಿಲ್ಲುತ್ತದೆ. ಮೇಲೆ ಹೋದ ರಕ್ತ ಹಿಂದಕ್ಕೆ ಬರುವುದಿಲ್ಲ. ಬಾಗಿಲು ಮುಚ್ಚಿದೆ.

ಈ ಬಾಗಿಲುಗಳು ಸಡಿಲವಾದರೆ ಆಗುವುದೇನು? ರಕ್ತ ಕೆಳಗೆ ನಿಲ್ಲುತ್ತದೆ. ಸಿರೆ ಹಿಗ್ಗುತ್ತದೆ, ಉದ್ದವಾಗುತ್ತದೆ, ಇರುವ ಜಾಗದಲ್ಲಿ ಹಿಡಿಸದೆ ಹಾವಿನಂತೆ ಸುತ್ತಿಕೊಳ್ಳುತ್ತದೆ. ಚರ್ಮದ ಕೆಳಗೆ ನೀಲಿಯ ಗಂಟುಗಳಾಗಿ ಅದು ತೋರುತ್ತದೆ. ವೆರಿಕೋಸ್ ಸಿರೆಗಳೆಂದು ವೈದ್ಯರು ಹೇಳುವುದು ಇವನ್ನೇ. ನಮ್ಮ ಸುಶ್ರುತಾಚಾರ್ಯರು ನಿದಾನಸ್ಥಾನದಲ್ಲಿ ಗ್ರಂಥಿಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ. ವಾತ, ಪಿತ್ತ, ಕಫಗಳಿಂದಾಗುವುವು ಮೂರು, ಮೇದಸ್ಸಿನಿಂದ, ಎಂದರೆ ಕೊಬ್ಬಿನಿಂದ, ಆಗುವುದು ಒಂದು, ಸಿರೆಯಿಂದಾಗುವುದು ಇನ್ನೊಂದು. ಗಂಟುಗಳೆಲ್ಲ ಒಂದೇ ಅಲ್ಲ, ಯಾವ ಧಾತುವಿನಿಂದ ಎದ್ದಿತೆಂದು ಮೊದಲು ವಿಚಾರಿಸಬೇಕು, ಎಂಬ ತಿಳಿವಳಿಕೆ ನಮ್ಮಲ್ಲಿ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ.

ಆ ವಿಚಾರಣೆಯನ್ನು ಐದು ಪ್ರಶ್ನೆಗಳಲ್ಲಿ ಅಡಕಮಾಡಬಹುದು. ಗಂಟು ಎಲ್ಲಿದೆ: ಮುಂದಿನ ಮೂಳೆಯ ಮೇಲೋ, ಹಿಂದಿನ ಮೀನಖಂಡದಲ್ಲೋ, ಹಿಮ್ಮಡಿಯ ಬಳಿಯೋ? ಒಂದೇ ಕಾಲಿನಲ್ಲೋ, ಎರಡರಲ್ಲೂ ಉಂಟೋ? ಮಲಗಿ ಕಾಲನ್ನು ಎತ್ತಿದರೆ ಅಡಗುತ್ತದೆಯೋ, ಹಾಗೆಯೇ ಇರುತ್ತದೆಯೋ? ನೋವು, ಬಿಸಿ, ಕೆಂಪು ಇವೆಯೋ ಇಲ್ಲವೋ? ಕೊನೆಯದಾಗಿ, ಎಷ್ಟು ದಿವಸದಿಂದ ಇದೆ, ಬೆಳೆಯುತ್ತಿದೆಯೇ? ಈ ಐದಕ್ಕೆ ಉತ್ತರ ಗೊತ್ತಿರುವ ರೋಗಿ ವೈದ್ಯರ ಕೆಲಸವನ್ನು ಅರ್ಧ ಮುಗಿಸಿಕೊಟ್ಟಂತೆಯೇ ಸರಿ. ಉತ್ತರಗಳು ಹೇಗೆ ದಾರಿತೋರುತ್ತವೆಂಬುದನ್ನು ಕೆಲವು ನಿದರ್ಶನಗಳಿಂದ ನೋಡೋಣ.

ನಿಂತಾಗ ಉಬ್ಬಿ, ಮಲಗಿ ಕಾಲೆತ್ತಿದಾಗ ಅಡಗುವ ಮೆತ್ತನೆಯ ನೀಲಿ ಗಂಟು ಬಹುಮಟ್ಟಿಗೆ ಸಿರೆಯದೇ. ದಿನವೆಲ್ಲ ನಿಂತು ದುಡಿಯುವವರಿಗೆ, ಹಲವು ಸಾರಿ ಬಸುರಿಯಾದ ತಾಯಂದಿರಿಗೆ, ಸ್ಥೂಲಕಾಯರಿಗೆ, ತಂದೆತಾಯಿಗಳಲ್ಲಿ ಈ ತೊಂದರೆ ಇದ್ದವರಿಗೆ ಇದು ಹೆಚ್ಚು. ಅಡಿಗೆಯವರು, ಕ್ಷೌರಿಕರು, ಬಸ್ಸಿನ ಕಂಡಕ್ಟರುಗಳು, ಬಟ್ಟೆಯಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರು, ಕರಿಹಲಗೆಯ ಮುಂದೆ ನಿಲ್ಲುವ ನಮ್ಮಂಥವರು, ಎಲ್ಲರೂ ಇದರ ಗಿರಾಕಿಗಳೇ. ಸಂಜೆಯಾಗುತ್ತ ಕಾಲು ಭಾರವಾಗುವುದು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಹರಡಿನ ಸುತ್ತ ನವೆ, ಇವು ಮೊದಲ ಮಾತುಗಳು. ಅವನ್ನು ಕೇಳದಿದ್ದರೆ ಹರಡಿನ ಮೇಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿ ಗಡುಸಾಗುತ್ತದೆ. ಅದನ್ನೂ ಗಮನಿಸದಿದ್ದರೆ ಅಲ್ಲಿ ಹುಣ್ಣಾಗುತ್ತದೆ, ಆ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ಆರಂಭದಲ್ಲಿ ಬೇಕಾದುದು ಹೆಚ್ಚೇನಿಲ್ಲ: ದಿನವೂ ನಡೆಯುವುದು, ಒಂದೇ ಕಡೆ ನಿಲ್ಲಬೇಕಾದಾಗ ಆಗಾಗ ಹಿಮ್ಮಡಿಯೆತ್ತಿ ಇಳಿಸುವುದು, ಬಿಡುವಿನಲ್ಲಿ ಕಾಲನ್ನು ಹೃದಯಕ್ಕಿಂತ ಮೇಲಿಟ್ಟು ಮಲಗುವುದು, ವೈದ್ಯರು ಒಪ್ಪಿದರೆ ಬಿಗಿಯಾದ ಕಾಲುಚೀಲವನ್ನು ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆಯೇ ಧರಿಸುವುದು. ವೈದ್ಯರು ಒಪ್ಪಿದರೆ ಎಂದು ಹೇಳಿದೆ; ಏಕೆಂದರೆ ಕಾಲಿನ ಧಮನಿಗಳೇ ಕಿರಿದಾಗಿರುವವರಿಗೆ ಆ ಬಿಗಿತ ಕೇಡು ಮಾಡುತ್ತದೆ. ಸಿರೆಯೊಳಗಿನ ಹರಿವನ್ನು ಧ್ವನಿತರಂಗಗಳಿಂದ ನೋಡುವ ಡಾಪ್ಲರ್ ಪರೀಕ್ಷೆ ಈಗ ನಗರಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಕೆಟ್ಟ ಸಿರೆಯನ್ನು ಲೇಸರಿನ ಶಾಖದಿಂದಲೋ ಔಷಧದ ಸೂಜಿಯಿಂದಲೋ ಮುಚ್ಚಿ, ಅನೇಕ ವೇಳೆ ಅದೇ ದಿವಸ ಮನೆಗೆ ಕಳುಹಿಸುವ ಚಿಕಿತ್ಸೆಗಳೂ ಉಂಟು.

ಕಾಲೆತ್ತಿದರೂ ಅಡಗದ ಗಂಟುಗಳಲ್ಲಿ ಅನೇಕವು ನಿರುಪದ್ರವಿಗಳು. ಬೆರಳಿನಿಂದ ತಳ್ಳಿದರೆ ಚರ್ಮದ ಕೆಳಗೆ ಜಾರುವ, ಮೆತ್ತಗಿರುವ, ನೋವಿಲ್ಲದ, ವರ್ಷಗಟ್ಟಲೆ ಒಂದೇ ಗಾತ್ರದಲ್ಲಿರುವ ಗಂಟು ಸಾಮಾನ್ಯವಾಗಿ ಕೊಬ್ಬಿನದು. ಮುಳ್ಳು ಚುಚ್ಚಿದ ಅಥವಾ ಹುಳು ಕಚ್ಚಿದ ಜಾಗದಲ್ಲಿ ಉಳಿದುಬಿಡುವ ತೊಗರಿಕಾಳಿನಷ್ಟು ಗಟ್ಟಿಯಾದ ಕಂದು ಗುಬುಟು ಇನ್ನೊಂದು. ಅದರ ಎರಡು ಪಕ್ಕಗಳನ್ನು ಬೆರಳಿನಿಂದ ಹಿಸುಕಿದರೆ ಅದು ಮೇಲಕ್ಕೆ ಬರದೆ, ನಡುವೆ ಗುಳಿಬಿದ್ದು ಒಳಕ್ಕೆ ಸರಿಯುತ್ತದೆ. ಇಂಥವನ್ನು ವೈದ್ಯರಿಗೆ ಒಮ್ಮೆ ತೋರಿಸಿ, ಅವರು ಚಿಂತೆಯಿಲ್ಲವೆಂದರೆ ಮರೆತುಬಿಡಬಹುದು.

ಹದಿವಯಸ್ಸಿನ ಮಕ್ಕಳ ಮೊಣಕಾಲು ಚಿಪ್ಪಿನ ಎರಡು ಮೂರು ಬೆರಳು ಕೆಳಗೆ, ಮುಂದಿನ ಮೂಳೆಯ ಮೇಲೆ, ಗಟ್ಟಿಯಾದ ಉಬ್ಬೊಂದು ಎದ್ದು, ಓಡಿದಾಗ, ನೆಗೆದಾಗ, ಮೊಣಕಾಲೂರಿ ಕುಳಿತಾಗ ನೋಯುವುದುಂಟು. ಬಾಸ್ಟನ್ ನಗರದ ಆಸ್‌ಗುಡ್, ಸ್ವಿಜರ್ಲೆಂಡಿನ ಶ್ಲಾಟರ್ ಎಂಬ ಇಬ್ಬರು ವೈದ್ಯರು ೧೯೦೩ರಲ್ಲಿ ಬೇರೆ ಬೇರೆಯಾಗಿ ಇದನ್ನು ವರ್ಣಿಸಿದರು. ಅದಕ್ಕೆ ಇಬ್ಬರ ಹೆಸರೂ ನಿಂತಿದೆ. ತೊಡೆಯ ಬಲವಾದ ಸ್ನಾಯುವಿನ ರಜ್ಜು, ಇನ್ನೂ ಬಲಿಯದ ಮೂಳೆಯನ್ನು ಮತ್ತೆ ಮತ್ತೆ ಜಗ್ಗುವುದೇ ಇದಕ್ಕೆ ಕಾರಣ. ಆಟವನ್ನು ಕೆಲವು ಕಾಲ ತಗ್ಗಿಸಿದರೆ ನೋವು ಇಳಿಯುತ್ತದೆ. ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ಮರಳುವುದಿಲ್ಲ. ಆದರೆ ಅದೇ ವಯಸ್ಸಿನ ಹುಡುಗನಿಗೆ ಆಟವಿಲ್ಲದ ದಿವಸವೂ ನೋವಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಾದರೆ, ಉಬ್ಬು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಆಟದಲ್ಲಿ ಪೆಟ್ಟು ತಗುಲಿರಬೇಕೆಂದು ಸಮಾಧಾನ ಹೇಳಿಕೊಳ್ಳಬಾರದು. ಮೊಣಕಾಲಿನ ಸುತ್ತಣ ಮೂಳೆಗಳು ಹದಿವಯಸ್ಸಿನವರಲ್ಲಿ ಮೂಳೆಯ ಅರ್ಬುದಕ್ಕೆ ಆಶ್ರಯವಾಗುವ ಮುಖ್ಯ ಸ್ಥಾನಗಳು. ಒಂದು ಎಕ್ಸ್ ರೇ ಚಿತ್ರ ತೆಗೆಸುವ ವೆಚ್ಚ ಅಲ್ಲಿ ವ್ಯರ್ಥವಲ್ಲ.

ಇನ್ನು ಕೆಲವು ಗಂಟುಗಳು ಇರುವುದು ಕಾಲಿನಲ್ಲಿ, ಸುದ್ದಿ ತರುವುದು ಬೇರೆಡೆಯಿಂದ. ಎರಡು ಕಾಲುಗಳ ಮುಂಭಾಗದಲ್ಲೂ ಕೆಂಪಾದ, ಬಿಸಿಯಾದ, ಮುಟ್ಟಿದರೆ ಬಹಳ ನೋಯುವ ಗಂಟುಗಳು ಒಮ್ಮೆಗೇ ಏಳುವುದುಂಟು. ಜೊತೆಗೆ ಜ್ವರ, ಕೀಲುನೋವುಗಳೂ ಬರಬಹುದು. ಕೆಲವು ವಾರಗಳಲ್ಲಿ ಅವು ಪೆಟ್ಟುಬಿದ್ದ ಗುರುತಿನಂತೆ ನೀಲಿಗೆ, ನೀಲಿಯಿಂದ ಹಸುರು ಹಳದಿಗೆ ತಿರುಗಿ, ಹುಣ್ಣಾಗದೆ ಮಾಯವಾಗುತ್ತವೆ. ಹೆಂಗಸರಲ್ಲಿ ಇದು ಹೆಚ್ಚು. ಹೆಸರು ಎರಿಥೀಮ ನೋಡೋಸಮ್. ಅದು ತಾನೇ ಒಂದು ರೋಗವೆನ್ನುವುದಕ್ಕಿಂತ ಒಂದು ಸೂಚನೆ ಎನ್ನುವುದು ಲೇಸು. ಕೆಲವು ವಾರದ ಹಿಂದೆ ಬಂದುಹೋದ ಗಂಟಲುನೋವು, ಯಾವುದೋ ಔಷಧ, ಕರುಳಿನ ದೀರ್ಘವ್ಯಾಧಿ, ಅಥವಾ ಕ್ಷಯ ಅದರ ಮೂಲವಾಗಿರಬಹುದು. ಎಷ್ಟೋ ವೇಳೆ ಮೂಲ ಸಿಕ್ಕದೆಯೂ ಹೋಗುತ್ತದೆ. ಇಂಥದೇ ಗಂಟುಗಳು ಮುಂದುಗಡೆ ಅಲ್ಲದೆ ಹಿಂದೆ ಮೀನಖಂಡದಲ್ಲಿ ಎದ್ದು, ನಿಧಾನವಾಗಿ ಒಡೆದು ಹುಣ್ಣಾದರೆ, ಕ್ಷಯದ ಅನುಮಾನ ಇನ್ನೂ ಬಲವಾಗುತ್ತದೆ. ನೋಡಿರಿ, ಮುಂದೋ ಹಿಂದೋ ಎಂಬ ಒಂದೇ ಪ್ರಶ್ನೆಯ ಉತ್ತರದಿಂದ ವೈದ್ಯರ ಕಣ್ಣು ಕಾಲನ್ನು ಬಿಟ್ಟು ಎದೆಯ ಕಡೆಗೆ ತಿರುಗುತ್ತದೆ. ಕೆಮ್ಮಿಲ್ಲದಿದ್ದರೂ ಎದೆಯ ಚಿತ್ರ ತೆಗೆಸಿರೆಂದು ಅವರು ಹೇಳಿದರೆ, ಕಾಲಿಗೂ ಎದೆಗೂ ಏನು ಸಂಬಂಧವೆಂದು ನಾವು ಗೊಣಗಬಾರದು.

ಹಿಮ್ಮಡಿಯ ಮೇಲಿನ ಹಗ್ಗದಂಥ ದಪ್ಪ ಸ್ನಾಯುರಜ್ಜುವನ್ನು ಬೆರಳುಗಳ ನಡುವೆ ಹಿಡಿದು ನೋಡಿರಿ. ಅದು ನುಣುಪಾಗಿರಬೇಕು. ಎರಡು ಕಾಲಿನಲ್ಲೂ ಅದು ದಪ್ಪವಾಗಿ, ನೋವಿಲ್ಲದ ಗಟ್ಟಿ ಗಂಟುಗಳು ಕೈಗೆ ಸಿಕ್ಕಿದರೆ, ವಂಶಪಾರಂಪರ್ಯವಾಗಿ ಬರುವ ಒಂದು ದೋಷವನ್ನು ಶಂಕಿಸಬೇಕಾಗುತ್ತದೆ. ಈ ದೋಷವಿರುವವರ ರಕ್ತದಲ್ಲಿ ಹುಟ್ಟಿನಿಂದಲೇ ಕೊಲೆಸ್ಟರಾಲ್ ಅತಿಯಾಗಿರುತ್ತದೆ. ಮಿಕ್ಕದ್ದು ಸ್ನಾಯುರಜ್ಜುಗಳಲ್ಲಿಯೂ ಹೃದಯದ ಧಮನಿಗಳಲ್ಲಿಯೂ ಶೇಖರವಾಗುತ್ತದೆ. ಇದರ ಒಳಗುಟ್ಟನ್ನು ಕಂಡುಹಿಡಿದುದಕ್ಕಾಗಿ ಬ್ರೌನ್, ಗೋಲ್ಡ್‌ಸ್ಟೈನ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ೧೯೮೫ರಲ್ಲಿ ನೊಬೆಲ್ ಬಹುಮಾನ ಬಂದಿತು. ತಂದೆ ನಲವತ್ತರೊಳಗೆ, ದೊಡ್ಡಪ್ಪ ನಲವತ್ತೈದರೊಳಗೆ ಎದೆನೋವಿನಿಂದ ಹೋದ ಮನೆತನಗಳು ನಮ್ಮಲ್ಲಿ ಇಲ್ಲವೇ? ಅಂಥ ಮನೆಯ ಮಗನೊಬ್ಬನ ಹಿಮ್ಮಡಿಯನ್ನು ಯಾರಾದರೂ ಹಿಡಿದು ನೋಡಿ, ರಕ್ತಪರೀಕ್ಷೆ ಮಾಡಿಸಿ, ಔಷಧವನ್ನು ಆರಂಭಿಸಿದರೆ, ಅವನ ಆಯುಸ್ಸು ತಂದೆಯ ಆಯುಸ್ಸಿನಲ್ಲಿಯೇ ಮುಗಿಯಬೇಕಾಗಿಲ್ಲ.

ಇನ್ನು ತಡಮಾಡಬಾರದ ಎರಡು ಸಂದರ್ಭಗಳನ್ನು ಹೇಳುತ್ತೇನೆ. ದಯವಿಟ್ಟು ಇವನ್ನು ನೆನಪಿನಲ್ಲಿಡಬೇಕು.

ಒಂದು, ಒಂದೇ ಕಾಲಿನ ಮೀನಖಂಡ ಒಂದೆರಡು ದಿವಸದಲ್ಲಿ ಬಾತು, ಬಿಗಿದು, ಬಿಸಿಯಾಗಿ, ನೋಯತೊಡಗುವುದು. ಹೆರಿಗೆಯಾದ ಮೇಲೆ, ಶಸ್ತ್ರಚಿಕಿತ್ಸೆಯಾದ ಮೇಲೆ, ಬಹುದಿನ ಹಾಸಿಗೆ ಹಿಡಿದ ಮೇಲೆ, ಬಹುದೂರ ಕುಳಿತು ಪ್ರಯಾಣಮಾಡಿದ ಮೇಲೆ ಇದು ಕಂಡರೆ, ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕಾಲಿನಲ್ಲಿರುವ ತನಕ ಆ ಹೆಪ್ಪಿನಿಂದ ಬರುವುದು ನೋವು. ಅದು ಕಳಚಿಕೊಂಡು ರಕ್ತದೊಡನೆ ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಕ್ಕೇ ಅಪಾಯ. ಮೊಣಕಾಲಿನ ಹಿಂದೆ ಸವೆದ ಕೀಲಿನಿಂದ ನೀರು ತುಂಬಿ ಏಳುವ ಗಂಟೊಂದುಂಟು. ಬೇಕರ್ ಎಂಬ ಆಂಗ್ಲ ಶಸ್ತ್ರವೈದ್ಯನು ೧೮೭೭ರಲ್ಲಿ ಅದನ್ನು ವರ್ಣಿಸಿದನು. ಅದು ಒಡೆದು ಮೀನಖಂಡಕ್ಕೆ ಇಳಿದಾಗಲೂ ಕಾಲು ಹೀಗೆಯೇ ಬಾತುಕೊಳ್ಳುತ್ತದೆ. ಇದೋ ಅದೋ ಎಂದು ಬರಿಗಣ್ಣಿನಿಂದ ಹೇಳಲಾಗುವುದಿಲ್ಲ. ಆದುದರಿಂದ ಅದೇ ದಿವಸ ಆಸ್ಪತ್ರೆಗೆ ಹೋಗತಕ್ಕದ್ದು. ನಮ್ಮಲ್ಲಿ ಬಾಣಂತಿಯ ಕಾಲು ನೊಂದರೆ ಎಣ್ಣೆ ಬೆಚ್ಚಗೆ ಮಾಡಿ ನೀವುವ ರೂಢಿಯಿದೆ. ಅದು ಪ್ರೀತಿಯಿಂದ ಮಾಡುವ ಉಪಚಾರವೆಂಬುದು ನಿಜ. ಆದರೆ ಒಂದೇ ಕಾಲು ಬಾತಿದ್ದರೆ ವೈದ್ಯರು ನೋಡುವ ತನಕ ಆ ಕಾಲನ್ನು ನೀವಬಾರದು, ತಿಕ್ಕಬಾರದು. ಮೇಲುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರಂತೂ ಒಂದು ಗಳಿಗೆಯೂ ಕಾಯಬಾರದು.

ಎರಡು, ಆಳದಲ್ಲಿ ಎದ್ದು, ನಿಂಬೆಹಣ್ಣಿನಷ್ಟು ದೊಡ್ಡದಾಗಿ, ಎಂದರೆ ೫ ಸೆಂಟಿಮೀಟರನ್ನು ಮೀರಿ, ತಿಂಗಳಿಂದ ತಿಂಗಳಿಗೆ ಬೆಳೆಯುವ ಗಂಟು. ಅಂಥದು ಅನೇಕ ವೇಳೆ ನೋಯುವುದಿಲ್ಲ. ನೋವಿಲ್ಲವಲ್ಲ, ಇರಲಿ ಬಿಡಿ, ಎಂಬ ಮಾತಿನಿಂದಲೇ ಎಷ್ಟೋ ಮಂದಿ ಚಿಕಿತ್ಸೆಯ ಕಾಲವನ್ನು ಕಳೆದುಕೊಳ್ಳುತ್ತಾರೆ. ನೋವು ಕೆಡುಕಿನ ಗುರುತು, ನೋವಿಲ್ಲದಿರುವುದು ಒಳ್ಳೆಯದರ ಗುರುತು ಎಂಬ ಲೆಕ್ಕ ಗಂಟುಗಳ ವಿಷಯದಲ್ಲಿ ಸಲ್ಲದು. ಇಂಥ ಗಂಟನ್ನು ಚಿತ್ರ ತೆಗೆದು ಪರೀಕ್ಷಿಸದೆ, ಸಣ್ಣದೊಂದು ಕೊಯ್ತದಿಂದ ತೆಗೆದುಬಿಡುತ್ತೇವೆಂದು ಯಾರಾದರೂ ಹೇಳಿದರೆ ಅದಕ್ಕೆ ಒಪ್ಪಬಾರದು. ಅರ್ಬುದವಾಗಿದ್ದ ಪಕ್ಷದಲ್ಲಿ ಅರೆಬರೆಯಾಗಿ ಕೊಯ್ಯುವುದು ಮುಂದಿನ ಚಿಕಿತ್ಸೆಗೇ ತೊಡಕು.

ಗಂಟಿನ ಮೂಲವನ್ನು ವಿಚಾರಿಸುವುದರಿಂದ ಒಬ್ಬ ರೋಗಿಗೆ ಮಾತ್ರವಲ್ಲ, ಒಂದು ನಾಡಿಗೇ ಆದ ಉಪಕಾರವನ್ನು ಇಲ್ಲಿ ನೆನೆಯಬೇಕು. ಗುಲ್ಬರ್ಗ, ರಾಯಚೂರು, ಬಿಜಾಪುರಗಳ ಕಡೆಯ ಹಿರಿಯರಿಗೆ ನಾರುಹುಣ್ಣಿನ ನೆನಪಿರಬಹುದು. ಕಾಲಿನಲ್ಲಿ ಒಂದು ಉಬ್ಬು ಎದ್ದು, ಉರಿಯುವ ಗುಳ್ಳೆಯಾಗಿ, ಅದು ಒಡೆದರೆ ಬಿಳಿಯ ದಾರದಂಥ ಹುಳುವಿನ ತುದಿ ಕಾಣುತ್ತಿತ್ತು. ಸುಮಾರು ಒಂದು ಮೀಟರಿನವರೆಗೂ ಉದ್ದವಿರುವ ಆ ಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಎಳೆಯಬೇಕಾಗಿತ್ತು. ನಡುವೆ ಹರಿದರೆ ಕಾಲು ಕೀವುಗಟ್ಟಿ, ಬಿತ್ತನೆಯ ಕಾಲದಲ್ಲಿ ಒಕ್ಕಲಿಗ ಹಾಸಿಗೆ ಹಿಡಿಯುತ್ತಿದ್ದನು. ಇದು ಬಂದುದೆಲ್ಲಿಂದ? ಹುಣ್ಣಿನ ಉರಿ ತಾಳಲಾರದೆ ರೋಗಿ ಮೆಟ್ಟಿಲಬಾವಿಯ ನೀರಿನಲ್ಲಿ ಕಾಲಿಡುತ್ತಿದ್ದನು. ಹುಳು ತನ್ನ ಮರಿಗಳನ್ನು ಆ ನೀರಿಗೆ ಬಿಡುತ್ತಿತ್ತು. ಅವನ್ನು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿಸೂಕ್ಷ್ಮ ಜೀವಿಗಳು ನುಂಗುತ್ತಿದ್ದುವು. ಅದೇ ನೀರನ್ನು ಸೋಸದೆ ಕುಡಿದವನ ಕಾಲಿನಲ್ಲಿ ಸುಮಾರು ಒಂದು ವರ್ಷದ ಮೇಲೆ ಉಬ್ಬು ಏಳುತ್ತಿತ್ತು. ಈ ಸೈಕ್ಲಾಪ್ಸಿನ ಗುಟ್ಟನ್ನು ರಷ್ಯದ ಫೆಡ್ಚೆಂಕೋ ೧೮೭೦ರ ಸುಮಾರಿಗೆ ಹೊರಗೆಡಹಿದನು.

ಈ ರೋಗಕ್ಕೆ ಲಸಿಕೆಯಿಲ್ಲ. ಹುಳುವನ್ನು ಕೊಲ್ಲುವ ಔಷಧವೂ ದೊರೆತಿಲ್ಲ. ಆದರೂ ಮೆಟ್ಟಿಲಬಾವಿಗಳನ್ನು ಮಾರ್ಪಡಿಸಿ, ಕೊಳವೆಬಾವಿಗಳನ್ನು ತೋಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ಮನೆಮನೆಗೂ ತಿಳಿಸಿ, ಹುಣ್ಣಿದ್ದವರನ್ನು ನೀರಿಗೆ ಇಳಿಯದಂತೆ ತಡೆದು, ಭಾರತದಿಂದ ಇದನ್ನು ಹೊರದೂಡಿದರು. ನಮ್ಮ ದೇಶದ ಕೊನೆಯ ರೋಗಿ ೧೯೯೬ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ಸಾರಿತು. ೧೯೮೬ರಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೩೫ ಲಕ್ಷ ಮಂದಿಯನ್ನು ಹಿಡಿಯುತ್ತಿದ್ದ ರೋಗ, ೨೦೨೩ರಲ್ಲಿ ಹಿಡಿದದ್ದು ೧೪ ಮಂದಿಯನ್ನು. ಗಂಟಿಗೆ ಬರೆ ಹಾಕಿದ್ದರಿಂದ, ಸೊಪ್ಪು ಅರೆದು ಕಟ್ಟಿದ್ದರಿಂದ ಇದು ಆಗಲಿಲ್ಲ. ಗಂಟು ಎಲ್ಲಿಂದ ಬಂದಿತೆಂದು ಕೇಳಿದ್ದರಿಂದ ಆಯಿತು.

ಈಗ ನನ್ನ ಸೋದರತ್ತೆಯವರ ಸಂಗತಿಗೆ ಬರುತ್ತೇನೆ. ಟವಲು ಬಿಗಿದಷ್ಟೂ ರಕ್ತ ಹೆಚ್ಚುತ್ತಿತ್ತೆಂದು ಹೇಳಿದೆನಷ್ಟೆ. ಅದೇ ಬೀದಿಯಲ್ಲಿ ನಿವೃತ್ತರಾದ ಕಂಪೌಂಡರೊಬ್ಬರಿದ್ದರು. ಗದ್ದಲ ಕೇಳಿ ಒಳಕ್ಕೆ ಬಂದವರು ನಮ್ಮ ವೈದ್ಯವನ್ನು ನೋಡಿ, “ಏನ್ರಯ್ಯಾ ಇದು! ಮೊದಲು ಮಲಗಿಸಿ ಅವರನ್ನ. ಕಾಲು ಮೇಲಕ್ಕೆತ್ತಿ. ಆ ಟವಲು ಬಿಚ್ಚಿ” ಎಂದು ಗದರಿಸಿದರು. ನೆಲದ ಮೇಲೆ ಮಲಗಿಸಿ, ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿ ಹಿಡಿದು, ಮಡಿಸಿದ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆಯೇ ಅಂಗೈಯಿಂದ ಒತ್ತಿದರು. ಹತ್ತು ನಿಮಿಷದೊಳಗೆ ರಕ್ತ ನಿಂತಿತು.

ನಮ್ಮ ತಪ್ಪೇನೆಂಬುದು ತಮಗೆ ಈಗ ಹೊಳೆದಿರಬೇಕು. ಒಡೆದದ್ದು ಉಬ್ಬಿದ ಸಿರೆ. ಕುರ್ಚಿಯ ಮೇಲೆ ಕೂಡಿಸಿ ಕಾಲನ್ನು ಇಳಿಬಿಟ್ಟುದರಿಂದ ಮೇಲಿನ ರಕ್ತದ ಭಾರವೆಲ್ಲ ಆ ರಂಧ್ರದ ಮೇಲೆ ಬಿದ್ದಿತು. ಮೇಲೆ ಟವಲು ಕಟ್ಟಿದ್ದರಿಂದ ಹೃದಯಕ್ಕೆ ಮರಳುವ ದಾರಿ ಮುಚ್ಚಿತು. ಕೆಳಕ್ಕೆ ಬರುವ ದಾರಿ ಮಾತ್ರ ತೆರೆದೇ ಇತ್ತು. ಹಾರ್ವೆಯ ಪ್ರಯೋಗದಲ್ಲಿ ತೋಳಿಗೆ ಪಟ್ಟಿ ಕಟ್ಟಿ ಸಿರೆಯನ್ನು ಉಬ್ಬಿಸುವುದೂ, ನಾವು ಟವಲು ಕಟ್ಟಿದುದೂ ಒಂದೇ ಕೆಲಸ. ಪರೀಕ್ಷೆಯಲ್ಲಿ ಹಾರ್ವೆಯ ವಿಷಯ ಬರೆದು ಒಳ್ಳೆಯ ಅಂಕ ಪಡೆದಿದ್ದವನು ನಾನು. ಈ ರೀತಿ ರಕ್ತ ಹರಿದು ಪ್ರಾಣವನ್ನೇ ನೀಗಿದವರೂ ಉಂಟು. ಮಲಗಿಸುವುದು, ಕಾಲನ್ನು ಹೃದಯಕ್ಕಿಂತ ಮೇಲೆತ್ತುವುದು, ಗಾಯದ ಮೇಲೆಯೇ ಒತ್ತುವುದು, ಆಮೇಲೆ ಆಸ್ಪತ್ರೆಗೆ ಒಯ್ಯುವುದು: ಈ ಭಾಷಣದಲ್ಲಿ ಮಿಕ್ಕದ್ದೆಲ್ಲ ಮರೆತರೂ ಇದೊಂದನ್ನು ತಾವು ಮರೆಯಬಾರದು.

ರಕ್ತ ನಿಂತ ಮೇಲೆ ಕಂಪೌಂಡರು ದೀಪವನ್ನು ಹತ್ತಿರ ತರಿಸಿ ಕಾಲನ್ನು ನೋಡಿದರು. ಮೊಣಕಾಲಿನಿಂದ ಹರಡಿನವರೆಗೆ ಬಳ್ಳಿಯಂತೆ ಹೆಣೆದುಕೊಂಡ ನೀಲಿಯ ಗಂಟುಗಳು; ಹರಡಿನ ಸುತ್ತ ಕಂದಿ ತೊಗಲಿನಂತಾದ ಚರ್ಮ. ಎಷ್ಟು ದಿವಸದಿಂದ ಹೀಗಿದೆ ತಾಯಿ ಎಂದು ಅವರು ಕೇಳಿದರು. ಅತ್ತೆ ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತ, “ಹದಿನೈದು ವರ್ಷ ಆಗಿರಬೇಕಪ್ಪ. ಯಾರಿಗೇಂತ ತೋರಿಸಲಿ? ನಾನಾಗಿ ಕಾಲು ತೋರಿಸೋದು ಚೆನ್ನಾಗಿರುತ್ತದೆಯೇ? ಯಾರೂ ಕೇಳಲೂ ಇಲ್ಲ” ಎಂದರು.

ಅವರಿಗೆ ಮುಂದೆ ಚಿಕಿತ್ಸೆಯಾಯಿತು. ಆಮೇಲೆಯೂ ಹಲವು ವರ್ಷ ಚೆನ್ನಾಗಿ ಬದುಕಿದ್ದರು. ಆದರೆ ಅವರ ಕೊನೆಯ ಮಾತು ನನ್ನನ್ನು ಬಿಟ್ಟಿಲ್ಲ. ಅದೇ ದಿವಸ ಬೆಳಗ್ಗೆ ಊರಿನಿಂದ ಬಂದು ಇಳಿದವನು ನಾನು ಅವರ ಕಾಲಿಗೆ ನಮಸ್ಕಾರ ಮಾಡಿದ್ದೆ.

ಇನ್ನು ಮುಂದೆ ಹಿರಿಯರಿಗೆ ನಮಸ್ಕರಿಸಿ ಏಳುವಾಗ, “ಕಾಲು ಹೇಗಿದೆಯಮ್ಮ, ಎಲ್ಲಾದರೂ ಗಂಟು, ಬಾವು, ನೋವು ಇದೆಯೇ?” ಎಂದು ಒಂದು ಮಾತು ಕೇಳೋಣ. ಇದೆ ಎಂದರೆ, ಕೂಡಿಸಿಕೊಂಡು ನೋಡೋಣ. ಅಗತ್ಯವಾದರೆ ವೈದ್ಯರ ಬಳಿಗೆ ನಾವೇ ಕರೆದುಕೊಂಡು ಹೋಗೋಣ.